ಮಳೆಗಾಲದ ಮಲೆನಾಡಲ್ಲಿ ಸಿಗಾರ್: ಆರಿಸೋದು, ಸೇದೋದು, ಕೆಡದಂತೆ ಇಡೋದು

ದುಬೈನಿಂದಲೋ ಅಮೆರಿಕದಿಂದಲೋ ಬಂದ ನೆಂಟರು ಹೊರಡುವಾಗ ಒಂದು ಮರದ ಪೆಟ್ಟಿಗೆ ಕೈಗಿಟ್ಟು ಹೋಗುತ್ತಾರೆ. ತೆಗೆದು ನೋಡಿದರೆ ಒಳಗೆ ಸಾಲಾಗಿ ಸಿಗಾರ್. ಮನೆಯಲ್ಲಿ ಯಾರಿಗೂ ಅದರ ಅಭ್ಯಾಸ ಇಲ್ಲ. ಎಸೆಯೋಣ ಅಂದ್ರೆ ಮನಸ್ಸು ಬರಲ್ಲ, ಬೆಲೆ ಕೇಳಿದ ಮೇಲಂತೂ ಕೇಳೋದೇ ಬೇಡ. ಪೆಟ್ಟಿಗೆ ಬೀರು ಸೇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಗಣಪತಿ ಹಬ್ಬದ ಹೊತ್ತಿಗೆ ಬೀರು ತೆಗೆದರೆ ಸಿಗಾರ್ ಮೇಲೆ ಬಿಳಿ ಬೂಷ್ಟು.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋಂಸ್ಟೇ ನಡೆಸುವವರ ಪೇಚು ಇನ್ನೊಂದು ತರ. ಅತಿಥಿಗಳು ಜಗಲಿಯಲ್ಲಿ ಕೂತು ಮಳೆ ನೋಡುತ್ತಾ ಸಿಗಾರ್ ತೆಗೆಯುತ್ತಾರೆ. ಕಟರ್ ಇದೆಯಾ ಅಂತ ಕೇಳುತ್ತಾರೆ. ಇವರು ಏನು ಕೊಡಬೇಕು ಗೊತ್ತಾಗದೆ ತರಕಾರಿ ಹೆಚ್ಚುವ ಚಾಕು ತಂದು ಕೊಡುತ್ತಾರೆ.

ಸಿಗಾರ್ ಬಗ್ಗೆ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಒಣ ಹವೆಯ ಊರಿನವರು ಬರೆದವು. ಸಿಗಾರ್ ಒಣಗದಂತೆ ಅದಕ್ಕೆ ತೇವ ಕೊಡೋದು ಹೇಗೆ ಅನ್ನೋದೇ ಅವರ ಚಿಂತೆ. ನಮ್ಮ ಕತೆ ಪೂರ್ತಿ ಉಲ್ಟಾ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಲ್ಲಿ ಸಿಗಾರ್ ಕೆಡೋದು ನೀರು ಹೆಚ್ಚಾಗಿ. ಅವರ ಸಲಹೆಯನ್ನು ಹಾಗೇ ಪಾಲಿಸಿದರೆ ಬೂಷ್ಟನ್ನು ಕೈಯಾರೆ ಕರೆದ ಹಾಗೆ.

ಸಿಗಾರ್ ಅಂದ್ರೆ ಏನು

ಸಿಗರೇಟಿನಲ್ಲಿ ಹೊಗೆಸೊಪ್ಪನ್ನು ಕಾಗದದಲ್ಲಿ ಸುತ್ತಿರುತ್ತಾರೆ. ಬೀಡಿಯಲ್ಲಿ ತೂಪ್ರದ ಎಲೆಯಲ್ಲಿ. ಸಿಗಾರ್‌ನಲ್ಲಿ ಒಳಗೂ ಹೊಗೆಸೊಪ್ಪು, ಹೊರಗೂ ಹೊಗೆಸೊಪ್ಪು. ತಮಿಳುನಾಡಿನ ತಿರುಚ್ಚಿ, ದಿಂಡಿಗಲ್ ಕಡೆಯ ಚುಟ್ಟಾ ಇದೇ ಜಾತಿಯದು.

ಹೊಗೆಸೊಪ್ಪು ನಮ್ಮ ನೆಲದ ಗಿಡ ಅಲ್ಲ, ಅಮೆರಿಕ ಖಂಡದ್ದು. 1492ರಲ್ಲಿ ಕೊಲಂಬಸ್‌ನ ಜೊತೆಗಾರರು ಕ್ಯೂಬಾದಲ್ಲಿ ಅಲ್ಲಿನ ಜನ ಎಲೆ ಸುರುಳಿ ಸುತ್ತಿ ಸೇದೋದನ್ನು ನೋಡಿದರು. ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ಮೊಘಲ್ ಆಸ್ಥಾನಕ್ಕೆ ಕೊಂಡೊಯ್ದದ್ದು ನಮ್ಮ ವಿಜಾಪುರದಿಂದಲೇ.

ಎಲೆಯನ್ನು ಹದ ಮಾಡುವ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಇದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಅನ್ನುವ ಒಣಗಿಸುವ ಮನೆಗಳಲ್ಲಿ ಬಿಸಿಗಾಳಿ ಕೊಟ್ಟು ಕೆಲವೇ ದಿನಗಳಲ್ಲಿ ಹಳದಿ ಮಾಡುವ ವರ್ಜೀನಿಯಾ ಎಲೆ ಸಿಗರೇಟಿಗೆ ಹೋಗುತ್ತದೆ. ಬೇಗ ಒಣಗುವುದರಿಂದ ಎಲೆಯ ಸಕ್ಕರೆ ಅಂಶ ಉಳಿಯುತ್ತದೆ, ಹೊಗೆ ಸ್ವಲ್ಪ ಆಮ್ಲೀಯ. ಸಿಗಾರ್ ಎಲೆಯನ್ನು ನೆರಳಲ್ಲಿ ನೇತುಹಾಕಿ ವಾರಗಟ್ಟಲೆ ಗಾಳಿಗೆ ಆರಿಸುತ್ತಾರೆ. ಆಮೇಲೆ ಆಳೆತ್ತರಕ್ಕೆ ರಾಶಿ ಹಾಕಿ ಹುದುಗಲು ಬಿಡುತ್ತಾರೆ. ರಾಶಿಯ ನಡುಭಾಗ ತಾನಾಗೇ ಬಿಸಿಯಾಗುತ್ತದೆ, ಅಮೋನಿಯಾ ವಾಸನೆ ಹೊರಗೆ ಹೋಗುತ್ತದೆ. ಮತ್ತೆ ಮತ್ತೆ ರಾಶಿ ಒಡೆದು ಮಗುಚಿ ಹಾಕುತ್ತಾ ತಿಂಗಳುಗಟ್ಟಲೆ ಈ ಕೆಲಸ ನಡೆಯುತ್ತದೆ. ಕೊನೆಗೆ ಸಿಗುವ ಎಲೆಯ ಹೊಗೆ ಕ್ಷಾರೀಯ.

ಈ ರಸಾಯನಶಾಸ್ತ್ರ ಯಾಕೆ ಬೇಕು ಅಂದ್ರೆ, ಸಿಗಾರ್ ಹೊಗೆಯನ್ನು ಎದೆಗೆ ಎಳೆಯಬಾರದು ಅನ್ನೋದರ ಕಾರಣ ಇಲ್ಲಿದೆ. ಕ್ಷಾರೀಯ ಹೊಗೆಯ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಶ್ವಾಸಕೋಶಕ್ಕೆ ಎಳೆದರೆ ಕೆಮ್ಮು ಒತ್ತರಿಸಿಕೊಂಡು ಬರುತ್ತದೆ. ಸಿಗರೇಟಿನ ಅಭ್ಯಾಸ ಇದ್ದವರು ಎಡವೋದು ಇಲ್ಲೇ.

ಎದೆಗೆ ಎಳೆಯದಿದ್ದರೆ ಅಪಾಯ ಇಲ್ವಾ?

ಇದೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರಿಗೆ ಸಿಗಾರ್ ಹೊಗೆ ಕಾರಣ ಆಗುತ್ತದೆ ಅನ್ನೋದು ವೈದ್ಯವಿಜ್ಞಾನದಲ್ಲಿ ಇತ್ಯರ್ಥವಾದ ಮಾತು. ಒಂದು ಸಿಗರೇಟಿನಲ್ಲಿ ಇರುವ ಹೊಗೆಸೊಪ್ಪು 1 ಗ್ರಾಮಿಗಿಂತ ಕಡಿಮೆ. ದೊಡ್ಡ ಸಿಗಾರ್‌ನಲ್ಲಿ 5 ಗ್ರಾಮಿನಿಂದ 20 ಗ್ರಾಮಿನವರೆಗೂ ಇರಬಹುದು. ಕೆಲವು ಸಿಗಾರ್‌ಗಳಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಸೊಪ್ಪು ಒಂದರಲ್ಲೇ ಬಂತು. ಅಪರೂಪಕ್ಕೆ ಸೇದುವುದಕ್ಕೂ ದಿನಾ ಸೇದುವುದಕ್ಕೂ ಅಪಾಯದಲ್ಲಿ ವ್ಯತ್ಯಾಸ ಇದೆ, ಆದರೆ ಏನೂ ಆಗಲ್ಲ ಅನ್ನುವ ಮಟ್ಟ ಅಂತ ಒಂದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಸೇರಿಸಬೇಕು. ದಿನಾ ಕವಳ ಹಾಕುವವರ ಬಾಯಿ ಆಗಲೇ ಹೊಗೆಸೊಪ್ಪು, ಸುಣ್ಣ, ಅಡಿಕೆ ಮೂರನ್ನೂ ತಾಳಿಕೊಂಡಿರುತ್ತದೆ. ಅದೇ ಜಾಗಕ್ಕೆ ಸಿಗಾರ್ ಹೊಗೆಯೂ ಬಂದು ಕೂರುತ್ತದೆ. ಬಾಯಲ್ಲಿ ಬಿಳಿ ಮಚ್ಚೆ, ಮಾಗದ ಹುಣ್ಣು ಇದ್ದರೆ ಸಿಗಾರ್ ಯೋಚನೆ ಬಿಟ್ಟು ಮೊದಲು ಡಾಕ್ಟರ್ ಹತ್ತಿರ ತೋರಿಸಿ.

ಕಾನೂನಿನ ವಿಚಾರ ಚಿಕ್ಕದು. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ 21 ವರ್ಷ ತುಂಬದವರಿಗೆ ಯಾವ ತಂಬಾಕು ಪದಾರ್ಥವನ್ನೂ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ 1,000 ರೂಪಾಯಿವರೆಗೆ ದಂಡ.

ಒಳಗೆ ಮೂರು ಪದರ

ಸಿಗಾರ್‌ನ ಅಡ್ಡ ಕತ್ತರಿಸಿ ನೋಡಿದರೆ ಮೂರು ಭಾಗ ಕಾಣುತ್ತದೆ. ನಡುವೆ ಫಿಲ್ಲರ್, ಅಂದ್ರೆ ಉದ್ದುದ್ದಕ್ಕೆ ಮಡಚಿ ಸೇರಿಸಿದ ಎಲೆಗಳ ಕಂತೆ. ಅದನ್ನು ಹಿಡಿದಿಡುವ ಗಟ್ಟಿ ಎಲೆ ಬೈಂಡರ್. ಎಲ್ಲಕ್ಕಿಂತ ಹೊರಗೆ ನಯವಾದ, ಗೆರೆ ಕಡಿಮೆ ಇರುವ ರ್‍ಯಾಪರ್. ಮೂರರಲ್ಲಿ ದುಬಾರಿ ಎಲೆ ರ್‍ಯಾಪರ್‌ನದೇ. ತೂತು, ಕಲೆ, ಹರಕು ಏನೂ ಇರಬಾರದು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದಕ್ಕಾಗಿ ಗದ್ದೆಯ ಮೇಲೆ ಬಟ್ಟೆ ಹೊದಿಸಿ ನೆರಳು ಮಾಡುತ್ತಾರೆ. ಎಕ್ವಡಾರ್‌ನಲ್ಲಿ ಮೋಡವೇ ಆ ಕೆಲಸ ಮಾಡುತ್ತದೆ.

ಖಾರ ಎಷ್ಟು ಅನ್ನೋದನ್ನು ಹೆಚ್ಚಾಗಿ ತೀರ್ಮಾನಿಸೋದು ಫಿಲ್ಲರ್. ಗಿಡದ ತುದಿಯ ಎಲೆಗೆ ಬಿಸಿಲು ಜಾಸ್ತಿ, ಅದು ದಪ್ಪ, ಖಾರ, ನಿಧಾನ ಉರಿಯುತ್ತದೆ. ಅದಕ್ಕೆ ಲಿಹೇರೋ ಅಂತಾರೆ. ನಡುವಿನ ಎಲೆ ಸೆಕೋ, ಪರಿಮಳಕ್ಕೆ. ಬುಡದ ಎಲೆ ವೊಲಾಡೋ, ಚೆನ್ನಾಗಿ ಉರಿಯಲಿಕ್ಕೆ. ಇವನ್ನು ಬೆರೆಸುವ ಹದದ ಮೇಲೆ ಒಂದೊಂದು ಕಂಪನಿಯ ಹೆಸರು ನಿಂತಿದೆ.

ಕೈಯಲ್ಲಿ ಸುತ್ತಿದ ಒಳ್ಳೆಯ ಸಿಗಾರ್‌ನಲ್ಲಿ ಈ ಎಲೆಗಳು ಈ ತುದಿಯಿಂದ ಆ ತುದಿವರೆಗೆ ಅಖಂಡವಾಗಿ ಇರುತ್ತವೆ. ಅಗ್ಗದ ಮೆಷಿನ್ ಸಿಗಾರ್‌ನಲ್ಲಿ ಚೂರು ತುಂಬಿರುತ್ತಾರೆ. ಚೂರು ಬೇಗ ಉರಿಯುತ್ತದೆ, ಬಿಸಿಯಾಗುತ್ತದೆ, ನಾಲಿಗೆಗೆ ಕಣ ಸಿಗುತ್ತದೆ.

ಯಾವುದು ಆರಿಸೋದು

ಬಣ್ಣ ನೋಡಿ ಖಾರ ಅಳೆಯೋದು ಬೇಡ. ಕಪ್ಪಗಿದ್ದದ್ದು ಖಾರ, ಬೆಳ್ಳಗಿದ್ದದ್ದು ಸೌಮ್ಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಡೂರೋ ಅನ್ನುವ ಕಡು ಕಂದು ಎಲೆ ಜಾಸ್ತಿ ಹುದುಗಿರುವುದರಿಂದ ಎಷ್ಟೋ ಸಲ ಸ್ವಲ್ಪ ಸಿಹಿಯಾಗೇ ಇರುತ್ತದೆ. ತಿಳಿ ಕಂದಿನ ಕನೆಕ್ಟಿಕಟ್ ರ್‍ಯಾಪರ್ ಇರುವವು ಸಾಮಾನ್ಯವಾಗಿ ಮೆದು. ಹೊಸಬರಿಗೆ ಡೊಮಿನಿಕನ್ ರಿಪಬ್ಲಿಕ್‌ನ ಮೆದು ಸಿಗಾರ್ ಸರಿಹೋಗುತ್ತದೆ. ನಿಕರಾಗುವಾದವು ಖಾರದ ಕಡೆಗೆ ವಾಲುತ್ತವೆ. ಕ್ಯೂಬಾದ ಹೆಸರು ದೊಡ್ಡದು, ಆ ಹೆಸರಿನ ನಕಲಿಯೂ ಅಷ್ಟೇ ದೊಡ್ಡ ವ್ಯಾಪಾರ.

ಅಳತೆಗೆ ಎರಡು ಅಂಕಿ ಬರೆದಿರುತ್ತಾರೆ, ಉದಾಹರಣೆಗೆ 5 × 50. ಮೊದಲನೆಯದು ಉದ್ದ, ಇಂಚಿನಲ್ಲಿ. ಎರಡನೆಯದು ದಪ್ಪ, ಇಂಚಿನ 64ನೇ ಭಾಗದ ಲೆಕ್ಕದಲ್ಲಿ. 50 ಅಂದ್ರೆ 50/64 ಇಂಚು, ಸುಮಾರು 2 ಸೆಂಟಿಮೀಟರ್. ಈ ಅಳತೆಯ ಹೆಸರು ರೊಬುಸ್ಟೊ, ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. 5 × 42ರ ಆಸುಪಾಸಿನದು ಪೆಟಿಟ್ ಕೊರೊನಾ, ಅರ್ಧ ಗಂಟೆಯ ಮೇಲೆ ಸ್ವಲ್ಪ. 7 × 47 ಚರ್ಚಿಲ್, ಗಂಟೆಗೂ ಮೇಲೆ.

ಹೊಸಬರಿಗೆ ರೊಬುಸ್ಟೊ ಅಂತ ಬಹಳ ಜನ ಹೇಳುತ್ತಾರೆ. ದಪ್ಪ ಇದ್ದಷ್ಟೂ ಹೊಗೆ ತಣ್ಣಗೆ ಬರುತ್ತದೆ ಅನ್ನೋದು ಕಾರಣ, ಅದು ಸರಿ. ಆದರೂ ನನ್ನ ಮತ ಪೆಟಿಟ್ ಕೊರೊನಾಕ್ಕೆ. ಸೊಪ್ಪು ಕಡಿಮೆ, ತಲೆ ಸುತ್ತುವುದು ಕಡಿಮೆ, ಮಳೆ ಬಿಡುವು ಕೊಟ್ಟಷ್ಟು ಹೊತ್ತಿನಲ್ಲೇ ಮುಗಿಯುತ್ತದೆ.

ಕೊಳ್ಳುವಾಗ ಪ್ಯಾಕಿನ ಮೇಲೆ ಆರೋಗ್ಯ ಎಚ್ಚರಿಕೆಯ ಚಿತ್ರ ಇದೆಯಾ ನೋಡಿ. ಭಾರತದಲ್ಲಿ ಮಾರುವ ತಂಬಾಕು ಪ್ಯಾಕಿನ ಮುಖ್ಯ ಮುಖಗಳ ಶೇ. 85 ಭಾಗವನ್ನು ಈ ಎಚ್ಚರಿಕೆ ತುಂಬಿರಬೇಕು. ಅದಿಲ್ಲದ ವಿದೇಶಿ ಪ್ಯಾಕ್ ಅಂಗಡಿಯಲ್ಲಿ ಕಂಡರೆ ಕಳ್ಳದಾರಿಯಲ್ಲಿ ಬಂದಿರುವ ಸಾಧ್ಯತೆ ಜಾಸ್ತಿ. ಮಳೆಗಾಲದ ಮುಂಚೆ 25ರ ಪೆಟ್ಟಿಗೆ ಕೊಳ್ಳಬೇಡಿ. ಮೂರರದೋ ಐದರದೋ ಸಣ್ಣ ಪ್ಯಾಕ್ ಸಾಕು.

ಕೈಗೆ ಬಂದ ಸಿಗಾರ್‌ನ ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಒತ್ತಿ. ಸ್ವಲ್ಪ ಬಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬಂದರೆ ಹದವಾಗಿದೆ. ಚರಚರ ಅಂದರೆ ಒಣಗಿದೆ. ಒತ್ತಿದ ಜಾಗ ತಗ್ಗಾಗೇ ಉಳಿದರೆ ನೀರು ಕುಡಿದಿದೆ.

ಕತ್ತರಿಸೋದು, ಹಚ್ಚೋದು, ಸೇದೋದು

ಸಿಗಾರ್‌ನ ಒಂದು ತುದಿ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಮುಚ್ಚಿದ ತುದಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ಎಲೆಯದೇ ಒಂದು ಪುಟ್ಟ ತುಂಡನ್ನು ಟೋಪಿ ತರ ಅಂಟಿಸಿರೋದು ಕಾಣುತ್ತದೆ. ಅದರ ಅಂಚಿನ ತೆಳು ಗೆರೆಯೂ ಕಾಣುತ್ತದೆ. ಆ ಗೆರೆಗಿಂತ ಮೇಲೆಯೇ, ತುದಿಯಿಂದ ಸುಮಾರು 2 ಮಿಲಿಮೀಟರ್ ಒಳಗೆ ಕತ್ತರಿಸಬೇಕು. ಗೆರೆ ದಾಟಿ ಕೆಳಗೆ ಹೋದರೆ ರ್‍ಯಾಪರ್ ಬಿಚ್ಚಿಕೊಳ್ಳುತ್ತದೆ.

ಕಟರ್ ಇಲ್ಲ ಅಂತ ಅಡಕತ್ತರಿ ಹಾಕಬೇಡಿ. ಅದಕ್ಕೆ ಅಲಗು ಒಂದೇ. ಗಟ್ಟಿ ಅಡಿಕೆಗೆ ಸರಿ, ಮೆತ್ತಗಿನ ಸಿಗಾರ್ ಅದುಮಿ ಒಡೆದುಹೋಗುತ್ತದೆ. ಎರಡು ಕಡೆಯಿಂದಲೂ ಅಲಗು ಬರುವ ಕಟರ್ ಬೇಕು. ಸಿಗದಿದ್ದರೆ ಹೊಸ ಬ್ಲೇಡ್ ತಗೊಂಡು, ಸಿಗಾರ್‌ನ ತಿರುಗಿಸುತ್ತಾ ಟೋಪಿಯ ಸುತ್ತ ಗೀರಿ, ಉಗುರಿನಿಂದ ಎತ್ತಿ. ಬರುತ್ತದೆ.

ಹಚ್ಚಲು ಪೆಟ್ರೋಲ್ ಲೈಟರ್, ಮೇಣದಬತ್ತಿ, ದೀಪದ ಬತ್ತಿ ಬೇಡ. ಅವುಗಳ ವಾಸನೆ ಎಲೆಗೆ ಹಿಡಿಯುತ್ತದೆ. ಒಳಗೆ ಗ್ಯಾಸ್ ತುಂಬಿದ ಲೈಟರ್ ಆಗುತ್ತದೆ, ಉದ್ದ ಕಡ್ಡಿಯೂ ಆಗುತ್ತದೆ. ಕಡ್ಡಿ ಗೀರಿದಾಗ ಬರುವ ಮದ್ದಿನ ಹೊಗೆ ಹೋಗಲು ಒಂದು ಕ್ಷಣ ಬಿಡಿ. ಆಷಾಢದಲ್ಲಿ ಬೆಂಕಿಪೊಟ್ಟಣ ಹೇಗೂ ಗೀರಿದರೆ ಹತ್ತಲ್ಲ, ಲೈಟರ್ ಇಟ್ಟುಕೊಂಡಿರೋದೇ ವಾಸಿ.

ತೆರೆದ ತುದಿಯನ್ನು ಬೆಂಕಿಯ ಒಳಗೆ ಇಡಬೇಡಿ, ಮೇಲೆ ಹಿಡಿಯಿರಿ. ತಿರುಗಿಸುತ್ತಾ ಅಂಚೆಲ್ಲ ಕಂದು ತಿರುಗಿ ಕೆಂಡ ಕಾಣುವವರೆಗೆ ಕಾಯಿಸಿ, ಆಮೇಲೆ ಬಾಯಿಗಿಟ್ಟು ಮೆಲ್ಲಗೆ ಎಳೆಯಿರಿ. ತುದಿಗೆ ಒಮ್ಮೆ ಊದಿ ನೋಡಿ. ಕೆಂಡ ಸುತ್ತಲೂ ಸಮ ಇದ್ದರೆ ಸರಿ, ಒಂದು ಕಡೆ ಕಪ್ಪಾಗಿದ್ದರೆ ಅಲ್ಲಿಗೆ ಮಾತ್ರ ಮತ್ತೆ ಬಿಸಿ ತೋರಿಸಿ.

ನಿಮಿಷಕ್ಕೆ ಒಂದು ದಮ್ಮು, ಅಷ್ಟೇ. ಹೊಗೆ ಬಾಯಲ್ಲಿ ಒಂದೆರಡು ಕ್ಷಣ ನಿಲ್ಲಲಿ, ಬಿಟ್ಟುಬಿಡಿ. ಆತುರ ಮಾಡಿದರೆ ಒಳಗೆ ಬಿಸಿ ಏರಿ ಬಾಯೆಲ್ಲ ಕಹಿಯಾಗುತ್ತದೆ. ಬೂದಿಯನ್ನು ಪದೇ ಪದೇ ತಟ್ಟೋದು ಬೇಡ, ಒಂದಿಂಚು ಬೆಳೆದ ಮೇಲೆ ತಟ್ಟೆಯ ಅಂಚಿಗೆ ಒರಗಿಸಿದರೆ ತಾನೇ ಬೀಳುತ್ತದೆ. ನಂದಿಹೋದರೆ ಬೂದಿ ಉದುರಿಸಿ, ಒಮ್ಮೆ ಹೊರಕ್ಕೆ ಊದಿ, ಮತ್ತೆ ಹಚ್ಚಬಹುದು.

ಖಾಲಿ ಹೊಟ್ಟೆಯಲ್ಲಿ ಸೇದಬೇಡಿ. ತಲೆ ತಿರುಗಿದರೆ, ತಣ್ಣನೆ ಬೆವರು ಬಂದರೆ, ವಾಕರಿಕೆ ಬಂದರೆ ಅದು ನಿಕೋಟಿನ್ ಜಾಸ್ತಿಯಾದ ಲಕ್ಷಣ. ಅಲ್ಲಿಗೇ ನಿಲ್ಲಿಸಿ, ಗಾಳಿಯಲ್ಲಿ ಕೂತು ಏನಾದರೂ ಸಿಹಿ ತಗೊಳ್ಳಿ. ದುಡ್ಡು ಕೊಟ್ಟಿದ್ದೀವಿ ಅಂತ ಪೂರ್ತಿ ಮುಗಿಸಬೇಕಿಲ್ಲ. ಕೊನೆಯ ಮೂರನೇ ಒಂದು ಭಾಗ ಹೇಗೂ ಖಾರ, ಬಿಸಿ.

ಸಾಕಾದಾಗ ಹೊಸಕಿ ಆರಿಸಬೇಡಿ, ಕೆಟ್ಟ ವಾಸನೆ ಏಳುತ್ತದೆ. ಬೂದಿತಟ್ಟೆಯಲ್ಲಿ ಇಟ್ಟರೆ ತಾನೇ ಆರುತ್ತದೆ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ಮಾತನ್ನು ನಂಬಿಕೊಂಡು ಅಂಗಳದಲ್ಲಿ ಬಿಟ್ಟು ಹೋಗಬೇಡಿ. ಒಣ ದರಗಿಗೆ ಒಂದು ಕೆಂಡ ಸಾಕು. ನೀರು ಹಾಕಿ.

ಮಲೆನಾಡಿನ ಮನೆಯಲ್ಲಿ ಇಡೋದು

ಸಿಗಾರ್ ಸುತ್ತಮುತ್ತಲಿನ ಗಾಳಿಯ ತೇವವನ್ನು ಹೀರುತ್ತದೆ, ಗಾಳಿ ಒಣಗಿದ್ದರೆ ತನ್ನ ತೇವ ಬಿಟ್ಟುಕೊಡುತ್ತದೆ. ಅಡಿಕೆಯೂ ಹೀಗೇ ಅಲ್ವಾ? ಅಂಗಳದಲ್ಲಿ ಎಷ್ಟೇ ಒಣಗಿಸಿ ಮೂಟೆ ಕಟ್ಟಿದ್ದರೂ ಮಳೆಗಾಲದ ಗಾಳಿ ತಾಗಿದರೆ ಬೂಷ್ಟು. ಸಿಗಾರ್‌ಗೆ ಹಿತವಾದದ್ದು ಶೇ. 65ರಿಂದ 70 ತೇವ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ.

ನಿಮ್ಮ ಮನೆಯ ತೇವ ಎಷ್ಟಿದೆ ಅಂತ ತಿಳಿಯಲು ಅಡುಗೆಮನೆಗೆ ಹೋಗಿ ಉಪ್ಪಿನ ಭರಣಿ ನೋಡಿ. ಗಾಳಿಯ ತೇವ ಸುಮಾರು ಶೇ. 75 ದಾಟಿದ ಮೇಲೆ ಅಡುಗೆ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ಕರಗಲು ಶುರು ಮಾಡುತ್ತದೆ. ಭರಣಿಯ ತಳದಲ್ಲಿ ನೀರು ನಿಂತಿದೆ ಅಂದ್ರೆ ಸಿಗಾರ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ತೇವ ಆ ಮನೆಯಲ್ಲಿದೆ.

ಉಪ್ಪಿನ ಇದೇ ಗುಣದಿಂದ ತೇವ ಅಳೆಯುವ ಮೀಟರನ್ನೂ ಪರೀಕ್ಷಿಸಬಹುದು. ಹೈಗ್ರೋಮೀಟರ್ ಅನ್ನುವ ಪುಟ್ಟ ಡಿಜಿಟಲ್ ಮೀಟರ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ತೋರಿಸಿದ್ದೆಲ್ಲ ನಿಜ ಅಂತ ನಂಬುವ ಹಾಗಿಲ್ಲ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ. ಕೆಲವೇ ಹನಿ ನೀರು ಬಿಡಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗೆ ಆಗಬೇಕು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿ ರಾತ್ರಿ ಇಟ್ಟು ಬೆಳಗ್ಗೆ ನೋಡಿ. 75 ತೋರಿಸಬೇಕು. 71 ತೋರಿಸಿದರೆ ನಿಮ್ಮ ಮೀಟರ್ 4 ಕಡಿಮೆ ಹೇಳುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಸಿಗಾರ್ ಇಡುವ ಮರದ ಪೆಟ್ಟಿಗೆಗೆ ಹ್ಯುಮಿಡಾರ್ ಅಂತಾರೆ. ಒಳಗೆ ಸ್ಪ್ಯಾನಿಷ್ ಸೀಡರ್ ಹಲಗೆ. ಹೆಸರು ಸೀಡರ್ ಆದರೂ ಅದು ಮಹಾಗನಿ ಕುಟುಂಬದ ಮರ. ನೋಡಲು ಚೆಂದ, ಆದರೆ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಇಲ್ಲಿ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ಮರವೂ ನೀರು ಕುಡಿದು ಉಬ್ಬುತ್ತದೆ. ನಮ್ಮ ಕಡೆಗೆ ರಬ್ಬರ್ ಅಂಚು ಇರುವ, ನಾಲ್ಕೂ ಕಡೆ ಲಾಕ್ ಆಗುವ ಪ್ಲಾಸ್ಟಿಕ್ ಡಬ್ಬಿಯೇ ಮೇಲು. ಹೊಸದಾಗಿರಲಿ. ಉಪ್ಪಿನಕಾಯಿಯೋ ಸಾರಿನಪುಡಿಯೋ ಇದ್ದ ಡಬ್ಬಿ ಎಷ್ಟು ತೊಳೆದರೂ ಆಗಲ್ಲ. ಸಿಗಾರ್ ಜೊತೆ ಬಂದ ತೆಳು ಸೀಡರ್ ಹಾಳೆ ಇದ್ದರೆ ಒಳಗೆ ಹಾಕಿ.

ಡಬ್ಬಿಯೊಳಗೆ ಬೊವೆಡಾದಂಥ ತೇವ ನಿಯಂತ್ರಿಸುವ ಪೊಟ್ಟಣ ಹಾಕುತ್ತಾರೆ. ಒಳಗಿರೋದು ಉಪ್ಪಿನ ದ್ರಾವಣ. ಡಬ್ಬಿ ಒಣಗಿದರೆ ತೇವ ಬಿಡುತ್ತದೆ, ಜಾಸ್ತಿಯಾದರೆ ಹೀರುತ್ತದೆ. ಪೊಟ್ಟಣದ ಮೇಲೆ 62, 65, 69, 72 ಅಂತ ಅಂಕಿ ಇರುತ್ತದೆ, ಡಬ್ಬಿಯ ತೇವವನ್ನು ಶೇಕಡಾ ಎಷ್ಟರಲ್ಲಿ ನಿಲ್ಲಿಸುತ್ತದೆ ಅನ್ನೋದು ಅದು. ಬೇರೆ ಕಡೆ 69 ಅಥವಾ 72 ಬಳಸುತ್ತಾರೆ. ಮಲೆನಾಡಿಗೆ 65 ಸಾಕು. 25 ಸಿಗಾರ್‌ಗೆ 60 ಗ್ರಾಮಿನದು ಒಂದು. ಒಣ ಊರಿನಲ್ಲಿ ಈ ಪೊಟ್ಟಣ ಗಟ್ಟಿಯಾದಾಗ ಬದಲಿಸುತ್ತಾರೆ. ನಮ್ಮಲ್ಲಿ ಅದು ನೀರು ಹೀರಿ ಉಬ್ಬಿ ಕೈಗೆ ಜೊಳಜೊಳ ಅಂದಾಗ ಬದಲಿಸಬೇಕು. ಮಳೆಗಾಲದಲ್ಲಿ ಡಬ್ಬಿಯನ್ನು ಸುಮ್ನೆ ನೋಡೋಕೆ ಅಂತ ತೆಗೆಯಬೇಡಿ, ತೆಗೆದಾಗಲೆಲ್ಲ ಹೊರಗಿನ ಗಾಳಿ ಒಳಗೆ ಹೋಗುತ್ತದೆ.

ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಹಾಕಬಹುದಲ್ಲ ಅಂತ ಅನ್ನಿಸಬಹುದು. ಅದಕ್ಕೆ ಎಲ್ಲಿ ನಿಲ್ಲಿಸಬೇಕು ಗೊತ್ತಿಲ್ಲ, ಹೀರುತ್ತಾ ಹೋಗಿ ಸಿಗಾರ್ ಒಡೆಯುವಷ್ಟು ಒಣಗಿಸುತ್ತದೆ. ಫ್ರಿಜ್ಜೂ ಬೇಡ, ಒಣಗಿಸುತ್ತದೆ, ಮೇಲಿಂದ ನಿನ್ನೆಯ ಹುಳಿಯ ವಾಸನೆ. ಬೆಚ್ಚಗಿರಲಿ ಅಂತ ಬಚ್ಚಲೊಲೆಯ ಹತ್ತಿರವೋ ಒಲೆಯ ಮೇಲಿನ ಅಟ್ಟದಲ್ಲೋ ಇಡುವವರಿದ್ದಾರೆ. ಅಲ್ಲಿ ಸೌದೆ ಹೊಗೆ ಹಿಡಿದು ಸಿಗಾರ್‌ನ ಪರಿಮಳವೆಲ್ಲ ಹೋಗುತ್ತದೆ. ಮನೆಯ ನಡುವಿನ, ಬಿಸಿಲು ಬೀಳದ ಕೋಣೆ ಸಾಕು.

ಬೇಸಿಗೆಯ ಹುಳ

ಮಳೆ ನಿಂತರೆ ಕಷ್ಟ ಮುಗಿಯಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಬಿಸಿಲು 35 ಡಿಗ್ರಿ ದಾಟುತ್ತದೆ. ಆಗ ಬರುವುದು ತಂಬಾಕು ಹುಳ. ಕಂದು ಬಣ್ಣ, ಎರಡು ಮೂರು ಮಿಲಿಮೀಟರ್ ಉದ್ದ. ನಿಮಗಿದು ಹೊಸದೇನಲ್ಲ, ಹಳೇ ಅರಿಸಿನ ಕೊಂಬು, ಒಣಶುಂಠಿಯನ್ನು ಕೊರೆದು ಪುಡಿ ಮಾಡುವ ಹುಳಗಳಲ್ಲಿ ಇದೂ ಒಂದು. ಮೊಟ್ಟೆ ಎಲೆಯಲ್ಲೇ ಬಂದಿರಬಹುದು. ಉಷ್ಣಾಂಶ 25 ಡಿಗ್ರಿಯ ಆಸುಪಾಸು ದಾಟಿದರೆ ಮರಿಯಾಗುತ್ತದೆ. ರ್‍ಯಾಪರ್ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತು, ಡಬ್ಬಿಯ ತಳದಲ್ಲಿ ಕಂದು ಹುಡಿ ಕಂಡರೆ ಇದೇ.

ತೂತು ಬಿದ್ದವನ್ನು ಎಸೆಯಿರಿ. ಉಳಿದವನ್ನು ಎರಡು ಜಿಪ್ ಕವರಿನಲ್ಲಿ ಒಂದರೊಳಗೊಂದು ಹಾಕಿ ಫ್ರೀಜರ್‌ನಲ್ಲಿ ನಾಲ್ಕೈದು ದಿನ ಇಡಿ. ಮೊಟ್ಟೆಯೂ ಸಾಯುತ್ತದೆ. ತೆಗೆದ ಕೂಡಲೇ ಕವರ್ ಬಿಚ್ಚಬೇಡಿ, ತಣ್ಣಗಿನ ಎಲೆಯ ಮೇಲೆ ನೀರು ಕೂರುತ್ತದೆ. ಒಂದು ದಿನ ಫ್ರಿಜ್‌ನ ಕೆಳಗಿನ ಭಾಗದಲ್ಲಿ, ಇನ್ನೊಂದು ದಿನ ಕೋಣೆಯಲ್ಲಿ, ಕವರ್ ಮುಚ್ಚಿದ ಹಾಗೇ ಇಟ್ಟು ಆಮೇಲೆ ಡಬ್ಬಿಗೆ ಹಾಕಿ.

ಆಗಲೇ ಬೀರುವಿನಲ್ಲಿ ಇರುವ ಪೆಟ್ಟಿಗೆ

ಬಿಳಿ ಅಥವಾ ಹಸಿರು ನೀಲಿ ಬಣ್ಣದ ಹತ್ತಿಯಂಥ ಬೂಷ್ಟು ಹಿಡಿದಿದ್ದರೆ ಆ ಸಿಗಾರ್‌ನ ಆಸೆ ಬಿಡಿ. ತೆರೆದ ತುದಿಯಲ್ಲಿ ಬೂಷ್ಟು ಕಂಡರೆ ಒಳಗೂ ಇಳಿದಿದೆ ಅಂತಲೇ ಅರ್ಥ. ಒರೆಸಿ ಸೇದಬಹುದು ಅಂತ ಹೇಳುವವರು ಇದ್ದಾರೆ, ಬೂಷ್ಟಿನ ಹೊಗೆ ಕುಡಿಯುವಷ್ಟು ಬೆಲೆಯ ಸಿಗಾರ್ ಯಾವುದೂ ಇಲ್ಲ. ಅದರ ಪಕ್ಕದಲ್ಲಿ ಇದ್ದವನ್ನು ಬೇರೆ ಡಬ್ಬಿಗೆ ಹಾಕಿ, ಆ ಮರದ ಪೆಟ್ಟಿಗೆಯನ್ನು ಮತ್ತೆ ಸಿಗಾರ್‌ಗೆ ಬಳಸಬೇಡಿ.

ಬೂಷ್ಟಿಲ್ಲ, ಬರೀ ಮೆತ್ತಗಾಗಿದೆ ಅಂದ್ರೆ ಉಳಿಸಬಹುದು. ಹಾಗೇ ಹಚ್ಚಿದರೆ ಎಳೆಯಲು ಬಿಗಿ, ಪದೇ ಪದೇ ನಂದುತ್ತದೆ, ಬಿಸಿಗೆ ಒಳಗಿನ ಎಲೆ ಉಬ್ಬಿ ರ್‍ಯಾಪರ್ ಸೀಳುತ್ತದೆ. ಬಿಸಿಲಿಗೂ ಇಡಬೇಡಿ, ಒಳಗೆ ತೇವ ಉಳಿದು ಹೊರ ಎಲೆ ಮಾತ್ರ ಒಣಗಿ ಒಡೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ 62ರ ಪೊಟ್ಟಣ ಹಾಕಿ ಎರಡು ವಾರ ಬಿಡಿ. ಮೂರ್ನಾಲ್ಕು ದಿನಕ್ಕೊಮ್ಮೆ ಸಿಗಾರ್‌ಗಳನ್ನು ಅತ್ತಿತ್ತ ತಿರುಗಿಸಿಡಿ. ಬೆರಳಲ್ಲಿ ಒತ್ತಿ ನೋಡಿ, ಇನ್ನೂ ತಗ್ಗು ಬೀಳುತ್ತಿದ್ದರೆ ಪೊಟ್ಟಣ ಬದಲಿಸಿ ಇನ್ನೊಂದು ವಾರ ಕಾಯಿರಿ.